ರುಚಿ ನೋಡದವರ ಮಾಂಸದ ಕಚೇರಿ

ಬೇರೆ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಆಗುವ ಎಡವಟ್ಟು ನಮ್ಮಲ್ಲಿ ವಾರಕ್ಕೊಂದರಂತೆ ಆಗುತ್ತದೆ. ಅದೂ ನಾನು ಎಲ್ಲವನ್ನೂ ಕ್ರಮಪ್ರಕಾರ ಮಾಡುತ್ತಿರುವಾಗಲೇ ಆಗುತ್ತದೆ. ಇದು ಹೇಗೆಂದು ನನಗೆ ಇನ್ನೂ ತಿಳಿದಿಲ್ಲ.

ಭಾರತದಿಂದ ಎಮ್ಮೆಯ ಮಾಂಸವನ್ನು ಹೆಪ್ಪುಗಟ್ಟಿಸಿ ಹೊರದೇಶಗಳಿಗೆ ಕಳಿಸುವ ಒಂದು ಮುಂಬೈ ಕಂಪನಿಯ ಕತಾರ್ ಶಾಖೆ ನಮ್ಮದು. ದೋಹಾ ಅಲ್ ಜದೀದಾದಲ್ಲಿ ಒಂದು ಟೈಲರ್ ಅಂಗಡಿಯ ಮೇಲೆ ಎರಡು ಕೋಣೆ. ಇರುವುದು ಮೂವರು. ಮ್ಯಾನೇಜರ್ ಮೈಸೂರಿನವರು, ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಸಸ್ಯಾಹಾರಿ. ಸೇಲ್ಸ್‌ಮನ್ ಬಂಟ್ವಾಳದ ಕಡೆಯ ಬ್ಯಾರಿ ಮುಸಲ್ಮಾನ, ನಮ್ಮ ಸರಕಿನ ರುಚಿ ಬಲ್ಲ ಏಕೈಕ ವ್ಯಕ್ತಿ. ಮೂರನೆಯವಳು ನಾನು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಕಲಿತವಳಾದ್ದರಿಂದ ದಾಖಲೆಪತ್ರಗಳು ನನ್ನ ಜವಾಬ್ದಾರಿ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಹಂದಿ, ಉಳಿದ ದಿನ ಮೀನು. ಬೀಫ್ ನಮ್ಮಜ್ಜಿಯ ಕಾಲದಿಂದಲೂ ಒಲೆ ಏರಿಲ್ಲ.

ಕಳೆದ ವರ್ಷ ಮುಂಬೈಯಿಂದ ಕಾಗದ ಬಂತು. ಗಲ್ಫಿನಲ್ಲಿ ಅವಕಾಶಗಳು ಬಹಳ, ಸವಾಲುಗಳೂ ಬಹಳ, ಆದರೆ ದೋಹಾ ಶಾಖೆಯಿಂದ ಬರುತ್ತಿರುವುದು ಸವಾಲುಗಳು ಮಾತ್ರ. ಫೆಬ್ರವರಿ ಕೊನೆಯೊಳಗೆ ದೊಡ್ಡ ಗಿರಾಕಿ ಒಬ್ಬರು ಸಿಗದಿದ್ದರೆ ಶಾಖೆಯನ್ನು ಮುಚ್ಚಲಾಗುವುದು. ಮುಚ್ಚಿದರೆ ವೀಸಾ ಹೋಗುತ್ತದೆ. ಮ್ಯಾನೇಜರರ ಮಗಳು ಹನ್ನೆರಡನೇ ತರಗತಿ, ಫೆಬ್ರವರಿಯಲ್ಲೇ ಬೋರ್ಡ್ ಪರೀಕ್ಷೆ ಶುರು. ಕಾಗದ ಓದಿದ ಮ್ಯಾನೇಜರ್ ಅದನ್ನು ಮಡಚಿ ಜೇಬಿಗಿಟ್ಟುಕೊಂಡರು. ಅದು ಫೈಲಿಗೆ ಹೋಗಬೇಕಾದ ಕಾಗದ. ಆ ದಿನ ನಾನು ಕೇಳಲಿಲ್ಲ.

ಸಮುದ್ರದಲ್ಲಿ ಆಗುವ ಬದಲಾವಣೆ

ಇದು ನಾನು ಸೇರಿದ ಮೊದಲ ವಾರದ್ದು. ಮುಂಬೈಯಿಂದ ಬಂದ ಆರೋಗ್ಯ ಪ್ರಮಾಣಪತ್ರದಲ್ಲಿ ಎಮ್ಮೆ ಮಾಂಸ ಎಂದಿತ್ತು. ಅದೇ ಪೆಟ್ಟಿಗೆಗಳಿಗೆ ನಾವು ಅಂಗಡಿಗಳಿಗೆ ಕೊಡುವ ಬೆಲೆಪಟ್ಟಿಯಲ್ಲಿ ಬೀಫ್ ಎಂದಿತ್ತು. ಎರಡನ್ನೂ ಮ್ಯಾನೇಜರರ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಯಾವುದು ಸರಿ ಎಂದು ಕೇಳಿದೆ.

ಎರಡೂ ಸರಿ ಎಂದರು. ನಮ್ಮ ದೇಶದಿಂದ ದನದ ಮಾಂಸ ಹೊರಗೆ ಕಳಿಸುವಂತಿಲ್ಲ, ಹೊರಡುವುದೆಲ್ಲ ಎಮ್ಮೆಯದು. ಇಲ್ಲಿ ಅಂಗಡಿಯವರು ಎಲ್ಲವನ್ನೂ ಬೀಫ್ ಎನ್ನುತ್ತಾರೆ.

"ಹಾಗಾದರೆ ಯಾವ ಜಾಗದಲ್ಲಿ ಬದಲಾಗುತ್ತದೆ ಸಾರ್? ರಿಜಿಸ್ಟರಿನಲ್ಲಿ ಬರೆಯಬೇಕು" ಎಂದೆ.

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದರು. ಬಾಗಿಲ ಬಳಿ ಇದ್ದ ಸೇಲ್ಸ್‌ಮನ್, "ಮಸ್ಕತ್ ದಾಟಿದ ಮೇಲೆ ಬಾಯಮ್ಮ" ಎಂದ. ನಮ್ಮೂರಿನ ಕಡೆ ಕ್ರೈಸ್ತ ಹೆಂಗಸರನ್ನು ಹಾಗೆ ಕರೆಯುವ ರೂಢಿ. ಕಚೇರಿಯಲ್ಲಿ ಮೇಡಂ ಎನ್ನಬೇಕೆಂದು ಅವನಿಗೆ ಅಂದೇ ಹೇಳಿದೆ. ಅವನು "ಆಯ್ತು ಬಾಯಮ್ಮ" ಎಂದ.

ನನ್ನ ರಿಜಿಸ್ಟರಿನಲ್ಲಿ ಸರಕು ಎಮ್ಮೆಯಾಗಿ ಹೊರಟು ಬೀಫ್ ಆಗಿ ತಲುಪುತ್ತದೆ. ಆಡಿಟರ್ ಎರಡು ಸಲ ಬಂದು ನೋಡಿದ್ದಾರೆ, ಏನೂ ಹೇಳಿಲ್ಲ. ಪ್ರಯಾಣದಲ್ಲಿ ಇದೆಲ್ಲ ಸಹಜವೆಂದು ಅವರೂ ತಿಳಿದಂತಿದೆ.

ಮುಟ್ಟಿ ನೋಡಿದ್ದು

ಶಾಖೆ ಮುಚ್ಚುವ ಕಾಗದ ಬಂದ ಮೇಲೆ ಮ್ಯಾನೇಜರ್ ತಾವೇ ಅಂಗಡಿಗಳಿಗೆ ಹೋಗಲು ನಿರ್ಧರಿಸಿದರು. ಅದಕ್ಕೆ ಮಾಂಸದ ಭಾಗಗಳ ಹೆಸರು ತಿಳಿದಿರಬೇಕು. ಅವರು ಜೀವಮಾನದಲ್ಲಿ ಮಾಂಸದಂಗಡಿಯ ಒಳಗೆ ಕಾಲಿಟ್ಟವರಲ್ಲ. ಎಮ್ಮೆಯ ಚಿತ್ರದ ಮೇಲೆ ಗೆರೆ ಎಳೆದು ಭಾಗಗಳಿಗೆ ಸಂಖ್ಯೆ ಕೊಟ್ಟ ಒಂದು ಪಟವನ್ನು ತರಿಸಿ, ಮಗಳು ಒಂದು ಕೋಣೆಯಲ್ಲಿ ರಸಾಯನಶಾಸ್ತ್ರ ಓದುವಾಗ ಇವರು ಇನ್ನೊಂದರಲ್ಲಿ ಇದನ್ನು ಬಾಯಿಪಾಠ ಮಾಡಿದರು. ಮನೆಯವರು ಬಂದರೆ ಪಟದ ಮೇಲೆ ಪಂಚಾಂಗ ಮುಚ್ಚುತ್ತಿದ್ದರಂತೆ.

ಅಲ್ ಅಜೀಜಿಯಾದ ಒಂದು ಮಾಂಸದಂಗಡಿಗೆ ಅವರೂ ನಾನೂ ಹೋದೆವು. ಕಟುಕರು ಪೇಶಾವರದ ಕಡೆಯವರು, ಬಾಗಿಲಿನಷ್ಟು ಅಗಲ. ಪಟ ಮನೆಯಲ್ಲೇ ಉಳಿದಿತ್ತು. ಮ್ಯಾನೇಜರ್ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದರು. ಕಟುಕರಿಗೆ ಇಂಗ್ಲಿಷ್ ಬಾರದು. ಮ್ಯಾನೇಜರಿಗೆ ಬರುವ ಹಿಂದಿಯಲ್ಲಿ ಈ ಪದಗಳಿಲ್ಲ. ಬೇರೆ ದಾರಿ ಕಾಣದೆ ತಮ್ಮ ಭುಜವನ್ನೇ ತೋರಿಸಿ ಇದು ಸಿಗುತ್ತದೆ ಎಂದರು, ಬೆನ್ನು ತೋರಿಸಿ ಇದು ಮೆತ್ತಗೆ ಎಂದರು, ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು ತೊಡೆಯ ಒಳಭಾಗ ಹೊರಭಾಗ ಬೇರೆ ಬೇರೆ ಎಂದು ವಿವರಿಸಿದರು.

ಕಟುಕರು ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಈಚೆ ಬಂದು ಮ್ಯಾನೇಜರನ್ನು ಮೆಲ್ಲಗೆ ತಿರುಗಿಸಿ ನಿಲ್ಲಿಸಿ, ಹೆಬ್ಬೆರಳಿನಿಂದ ಭುಜ ಒತ್ತಿ ನೋಡಿ ಬೇಡವೆಂಬಂತೆ ತಲೆ ಆಡಿಸಿದರು. ತೊಡೆ ಒತ್ತಿ ನೋಡಿದರು. ಅಲ್ಲಿ ಸ್ವಲ್ಪ ಸಮಾಧಾನವಾದಂತೆ ಕಂಡಿತು. ಹತ್ತು ಪೆಟ್ಟಿಗೆ ತೊಡೆ ಬರೆಸಿದರು. ಸರದಿಯಲ್ಲಿದ್ದ ಗಿರಾಕಿಗಳು ದಾರಿ ಬಿಟ್ಟು ನಿಂತಿದ್ದರು.

ಹಿಂದಿರುಗುವಾಗ ಕಾರಿನಲ್ಲಿ ಮ್ಯಾನೇಜರ್ ಎರಡು ಸಲ ತಮ್ಮ ಭುಜವನ್ನು ತಾವೇ ಒತ್ತಿ ನೋಡಿಕೊಂಡರು. ಆಮೇಲೆ, "ಮೇಡಂ, ನನ್ನ ಭುಜ ಅಷ್ಟೊಂದು ಗಟ್ಟೀನಾ?" ಎಂದರು. ಆ ವಿಷಯ ನನ್ನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ ಎಂದೆ.

ಆ ಅಂಗಡಿಯವರು ಇವತ್ತಿಗೂ ತೊಡೆಯನ್ನು ಮಾತ್ರ ತರಿಸುತ್ತಾರೆ. ಭುಜದ ಭಾಗವೂ ಬಹಳ ಚೆನ್ನಾಗಿದೆ ಎಂದು ನಾವು ಎಷ್ಟು ಹೇಳಿದರೂ, ಮುಟ್ಟಿ ನೋಡಿದ್ದೇವೆ ಎನ್ನುತ್ತಾರೆ.

ಫ್ರೀಜರಿಗೆ ಕುಂಕುಮ

ಮ್ಯಾನೇಜರರ ಅತ್ತೆ, ಎಂದರೆ ಹೆಂಡತಿಯ ತಾಯಿ, ನವರಾತ್ರಿಗೆ ಮೈಸೂರಿನಿಂದ ಬಂದರು. ಅಳಿಯ ಕೋಲ್ಡ್ ಸ್ಟೋರೇಜ್ ವ್ಯವಹಾರದಲ್ಲಿದ್ದಾರೆಂದು ಅವರಿಗೆ ಹೇಳಲಾಗಿತ್ತು. ಸುಳ್ಳಲ್ಲ. ಆದರೆ ಏನನ್ನು ತಣ್ಣಗಿಡುತ್ತಾರೆಂದು ಹೇಳಿರಲಿಲ್ಲ.

ಆಯುಧಪೂಜೆಯ ದಿನ ಅವರು ಕಚೇರಿಯನ್ನೂ ಪೂಜಿಸಬೇಕೆಂದು ಹಟ ಹಿಡಿದು ಬಂದೇಬಿಟ್ಟರು. ಜೊತೆಗೆ ಹೂ, ಕುಂಕುಮ, ಬೂದುಗುಂಬಳಕಾಯಿ. ಅಲ್ ಹಿಲಾಲಿನಲ್ಲಿ ನಮ್ಮ ಮನೆಯ ಹತ್ತಿರದ ಅಂಗಡಿಗಳಲ್ಲಿ ಅಂಥ ಬೂದುಗುಂಬಳ ನಾನು ಕಂಡಿಲ್ಲ, ಎಲ್ಲಿಂದ ತಂದರೋ. ಕಂಪ್ಯೂಟರಿಗೆ, ಪ್ರಿಂಟರಿಗೆ, ನನ್ನ ಸ್ಟೇಪ್ಲರಿಗೂ ಕುಂಕುಮವಾಯಿತು. ಕೊನೆಗೆ ಮೂಲೆಯ ಸ್ಯಾಂಪಲ್ ಫ್ರೀಜರಿನ ಮುಂದೆ ನಿಂತರು. ಮ್ಯಾನೇಜರ್ ಬೆಳಿಗ್ಗೆಯೇ ನನ್ನಿಂದ ಮಾತು ತೆಗೆದುಕೊಂಡಿದ್ದರು. ಅತ್ತೆಯವರಿಗೆ ಗೊತ್ತಾಗಬಾರದು ಮೇಡಂ, ಗೊತ್ತಾದರೆ ಅವರು ನಮ್ಮನೇಲಿ ನೀರೂ ಕುಡಿಯೋಲ್ಲ. ಈಗ ಮ್ಯಾನೇಜರ್ ಗೋಡೆಗೆ ಒರಗಿ ನಿಂತಿದ್ದರು.

"ಒಳಗೇನಿದೆಯಮ್ಮ?" ಎಂದು ಅತ್ತೆಯವರು ಕೇಳಿದ್ದು ನನ್ನನ್ನು.

ನಾನು ಸುಳ್ಳು ಹೇಳುವವಳಲ್ಲ. ಮಾತು ಕೊಟ್ಟು ತಪ್ಪುವವಳೂ ಅಲ್ಲ. "ರಫ್ತು ಮಾಡುವ ಸರಕಿನ ಮಾದರಿ" ಎಂದೆ. ಅವರು ತಲೆಯಾಡಿಸಿ, ಫ್ರೀಜರಿನ ಬಾಗಿಲಿಗೆ ಮೂರು ಬೆರಳಿನ ಕುಂಕುಮವಿಟ್ಟು, ಹೂ ಏರಿಸಿ, ಕೈಮುಗಿದರು. ಅಳಿಯ ಟ್ಯಾಕ್ಸಿ ತರಲು ಕೆಳಗೆ ಓಡಿದ ಕೂಡಲೇ ನನ್ನ ಕಡೆ ತಿರುಗಿದರು.

"ಎಮ್ಮೇದು ತಾನೇ? ದನದ್ದಲ್ವಲ್ಲ?"

ಮೊಮ್ಮಗಳು ಫೋನಿನಲ್ಲಿ ಎಂದೋ ಹೇಳಿದ್ದಳಂತೆ. "ಹೊಟ್ಟೆಪಾಡು ಕಣಮ್ಮಾ, ಬಿಡಿ. ನನಗೆ ಗೊತ್ತು ಅಂತ ಅವರಿಗೆ ಮಾತ್ರ ಹೇಳ್ಬೇಡಿ. ಪಾಪ, ತುಂಬಾ ನಾಚಿಕೆ ಸ್ವಭಾವ" ಎಂದು ನನ್ನಿಂದಲೂ ಮಾತು ತೆಗೆದುಕೊಂಡು ಮೆಟ್ಟಿಲಿಳಿದರು.

ಅಳಿಯ ಅತ್ತೆಯಿಂದ ಮುಚ್ಚಿಟ್ಟಿದ್ದಾರೆ, ಅತ್ತೆ ಅಳಿಯನಿಂದ ಮುಚ್ಚಿಟ್ಟಿದ್ದಾರೆ, ಇಬ್ಬರೂ ಆರಾಮಾಗಿದ್ದಾರೆ. ಅವರು ಇಲ್ಲಿದ್ದ ಹದಿನೈದು ದಿನ ರಕ್ತದೊತ್ತಡ ಏರಿದ್ದು ನನಗೆ.

ನೆಟ್ಟಗಿನ ಮುದ್ರೆ

ಡಿಸೆಂಬರಿನಲ್ಲಿ ದೊಡ್ಡ ಗಿರಾಕಿಯ ಆಸೆ ಹುಟ್ಟಿತು. ಕಾರ್ಮಿಕರ ಕ್ಯಾಂಪುಗಳಿಗೆ ಊಟ ಕಳಿಸುವ ಒಂದು ಅಡುಗೆ ಕಂಪನಿ. ಅದರ ಖರೀದಿ ಅಧಿಕಾರಿ ಈಜಿಪ್ಟಿನವರು. ಮೊದಲು ನಿಮ್ಮ ಒಂದು ಕಂಟೇನರ್ ತೊಂದರೆಯಿಲ್ಲದೆ ಬಂದರಿನಿಂದ ಹೊರಬರಲಿ, ಆಮೇಲೆ ಮಾತು ಎಂದರು.

ಸವಾಲು ಕಾಗದಗಳದ್ದು ಎಂದಾದರೆ ನನಗೆ ಭಯವಿಲ್ಲ. ಮುಂಬೈಯಿಂದ ಬಂದ ದಾಖಲೆಗಳನ್ನು ಅಡಿಪಟ್ಟಿ ಇಟ್ಟು ಪರಿಶೀಲಿಸಿದೆ. ಹಲಾಲ್ ಪ್ರಮಾಣಪತ್ರ ಸರಿ, ಮೂಲದೇಶದ ಪತ್ರ ಸರಿ. ಆರೋಗ್ಯ ಪ್ರಮಾಣಪತ್ರದಲ್ಲಿ ಪಶುವೈದ್ಯರು ಮುದ್ರೆಯನ್ನು ಓರೆಯಾಗಿ, ತಮ್ಮ ಸಹಿಯ ಮೇಲೆಯೇ, ಅರ್ಧ ಶಾಯಿ ಇಲ್ಲದೆ ಒತ್ತಿದ್ದರು. ಸಿಸ್ಟರುಗಳ ಶಾಲೆಯಲ್ಲಾಗಿದ್ದರೆ ಅಂಥ ಪುಟ ಹರಿದು ಕೈಗೆ ಬರುತ್ತಿತ್ತು. ಹೊಸದನ್ನು ಕಳಿಸಿ ಎಂದು ಮುಂಬೈಗೆ ಕಟುವಾಗಿ ಬರೆದೆ. ಹತ್ತು ದಿನಕ್ಕೆ ಹೊಸದು ಬಂತು. ಮುದ್ರೆ ನೆಟ್ಟಗೆ, ದುಂಡಗೆ, ಸಹಿಗೆ ಒಂದು ಬೆರಳು ದೂರ. ನೋಡಿ ಕಣ್ಣು ತಂಪಾಯಿತು.

ಬಂದರಿನ ಗುಮಾಸ್ತರು ಸುಡಾನಿನ ಹಿರಿಯರು, ನಮ್ಮ ದೇಶದ ಕಾಗದಗಳನ್ನು ವರ್ಷಗಟ್ಟಲೆ ನೋಡಿದವರು. ನನ್ನ ಪತ್ರವನ್ನು ಬೆಳಕಿಗೆ ಹಿಡಿದರು. ಬೆರಳಿನಿಂದ ಮುದ್ರೆಯನ್ನು ಸವರಿದರು. ಒಳಗೆ ಹೋಗಿ ಇನ್ನೊಬ್ಬರನ್ನು ಕರೆತಂದರು. ಇಬ್ಬರೂ ನೋಡಿದರು.

"ಮಾ ಫೀ. ಇಲ್ಲ, ಇದು ಆಗುವುದಿಲ್ಲ" ಎಂದರು. ಏನು ತಪ್ಪಿದೆ ಎಂದು ಕೇಳಿದೆ. ಏನೂ ತಪ್ಪಿಲ್ಲ, ಅದೇ ತೊಂದರೆ ಎಂದರು. ಅಲ್ಲಿಂದ ಇಷ್ಟು ನೆಟ್ಟಗೆ ಒತ್ತಿದ ಮುದ್ರೆ ಅವರು ಈವರೆಗೆ ಕಂಡಿಲ್ಲ, ಇದು ಯಾರೋ ಕೂತು ತಯಾರಿಸಿದ್ದು.

ನಾನು ಖೋಟಾ ಪತ್ರ ತಂದವಳೆಂದು ನನ್ನ ಮುಖಕ್ಕೇ ಹೇಳಿದಂತಾಯಿತು. ಕಂಟೇನರ್ ಬಂದರಿನಲ್ಲಿ ನಿಂತಿತ್ತು, ಮ್ಯಾನೇಜರ್ ಪ್ರತಿ ಹತ್ತು ನಿಮಿಷಕ್ಕೆ ಫೋನ್ ಮಾಡುತ್ತಿದ್ದರು. ಕೊನೆಗೆ ಸೇಲ್ಸ್‌ಮನ್ ಕಚೇರಿಗೆ ಓಡಿ, 'ತಿರಸ್ಕೃತ' ಎಂದು ನಾನು ಕೆಂಪು ಶಾಯಿಯಲ್ಲಿ ಬರೆದಿಟ್ಟ ಫೈಲಿನಿಂದ ಹಳೆಯ ಓರೆ ಮುದ್ರೆಯ ಪತ್ರ ತಂದುಕೊಟ್ಟ. ಗುಮಾಸ್ತರ ಮುಖ ಅರಳಿತು. ಹಳೆಯ ಗೆಳೆಯನನ್ನು ಕಂಡವರ ಹಾಗೆ ಅದರ ಮೇಲೆ ತಮ್ಮ ಮುದ್ರೆ ಒತ್ತಿದರು. ಅದೂ ಓರೆಯಾಗಿಯೇ ಬಿತ್ತು.

"ಬಾಯಮ್ಮ, ಇನ್ನು ಮುಂದೆ ನೀವು ಸ್ವಲ್ಪ ಕೆಟ್ಟದಾಗಿ ಕೆಲಸ ಮಾಡಬೇಕು ಮಾರಾಯ್ರೆ" ಎಂದ ಸೇಲ್ಸ್‌ಮನ್. ಪ್ರಯತ್ನಿಸಿದ್ದೇನೆ. ಆಗುವುದಿಲ್ಲ.

ಬುಧವಾರದ ತಟ್ಟೆ

ಕಂಟೇನರ್ ಹೊರಬಂತು. ಉಳಿದದ್ದು ರುಚಿ ಪರೀಕ್ಷೆ. ಖರೀದಿ ಅಧಿಕಾರಿಗಳದ್ದು ಒಂದೇ ನಿಯಮ. ಮಾರುವವರು ಅವರ ಅಡುಗೆಮನೆಗೆ ಬಂದು, ಅವರ ಕಣ್ಣೆದುರು ತಮ್ಮ ಸರಕನ್ನು ತಾವೇ ತಿನ್ನಬೇಕು. ತಾವು ತಿನ್ನದ್ದನ್ನು ಮಾರುವವರಿಂದ ಅವರು ಕೊಳ್ಳುವುದಿಲ್ಲ. ಇದನ್ನು ಕೇಳಿ ಮ್ಯಾನೇಜರೂ ನಾನೂ ಒಟ್ಟಿಗೆ ಸೇಲ್ಸ್‌ಮನ್ ಕಡೆ ನೋಡಿದೆವು. ಅವನು ಎದೆ ಮುಟ್ಟಿ, ಅದೆಂತ ದೊಡ್ಡ ವಿಷಯ ಎಂದ.

ದಿನ ಗೊತ್ತುಮಾಡಿದ್ದು ಮ್ಯಾನೇಜರ್, ಊರಿನಿಂದ ತರಿಸಿದ ಕ್ಯಾಲೆಂಡರ್ ನೋಡಿ. ಅದರ ಪ್ರಕಾರ ಗುರುವಾರ ರಮದಾನ್ ಶುರು, ಆದ್ದರಿಂದ ಬುಧವಾರ. ಅದು ನಮಗೆ ಕ್ರೈಸ್ತರಿಗೆ ವಿಭೂತಿ ಬುಧವಾರ. ತಪಸ್ಸುಕಾಲದ ಮೊದಲ ದಿನ, ಉಪವಾಸ, ಮಾಂಸ ನಿಷಿದ್ಧ. ತಿನ್ನುವವಳು ನಾನಲ್ಲವಲ್ಲ ಎಂದು ಸುಮ್ಮನಿದ್ದೆ.

ಮಂಗಳವಾರ ಸಂಜೆ ಸೇಲ್ಸ್‌ಮನ್ ಫೋನ್ ಮಾಡಿದ. ದನಿ ಸಣ್ಣದಾಗಿತ್ತು. "ಬಾಯಮ್ಮ, ಇಲ್ಲಿ ಚಂದ್ರ ಕಂಡಿದೆ. ನಾಳೆಯಿಂದಲೇ ಉಪವಾಸ."

ಕ್ಯಾಲೆಂಡರ್ ಊರಿನದು, ಚಂದ್ರ ಇಲ್ಲಿಯದು. ಮ್ಯಾನೇಜರ್ ಖರೀದಿ ಅಧಿಕಾರಿಗಳಲ್ಲಿ ದಿನ ಮುಂದೂಡಲು ಕೇಳಿದರು. ಮಾರುವವರ ಪಟ್ಟಿ ನಾಳೆ ಎರಡು ಗಂಟೆಗೆ ಮುಗಿಯುತ್ತದೆ, ಇಲ್ಲದಿದ್ದರೆ ಈದ್ ಕಳೆದ ಮೇಲೆ ಎಂದರು. ಈದ್ ಕಳೆಯುವಷ್ಟರಲ್ಲಿ ನಮ್ಮ ಶಾಖೆಯೇ ಕಳೆದಿರುತ್ತದೆ.

ಮರುದಿನ ನಾನು ಚರ್ಚಿನಿಂದ ಹಣೆಗೆ ಬೂದಿ ಹಚ್ಚಿಸಿಕೊಂಡು ನೇರವಾಗಿ ಅಡುಗೆ ಕಂಪನಿಗೆ ಹೋದೆ. ಖರೀದಿ ಅಧಿಕಾರಿಗಳು ನನ್ನ ಹಣೆ ನೋಡಿ ಬಹಳ ಮರ್ಯಾದೆಯಿಂದ ಒಂದು ಟಿಶ್ಯೂ ಕೊಟ್ಟರು. ಬೇಡವೆಂದೆ. ಕೊಳೆಯಲ್ಲ, ಧರ್ಮ ಎಂದು ಸೇಲ್ಸ್‌ಮನ್ ಅರಬ್ಬಿಯಲ್ಲಿ ವಿವರಿಸಿದ.

ಉಪವಾಸದ ಹಗಲಿನಲ್ಲಿ ತಿನ್ನುವುದು ಹೊರಗೆ ಕಾಣದಂತೆ ಅಡುಗೆಮನೆಯ ಬಾಗಿಲು ಮುಚ್ಚಿದರು. ಅಲ್ಲಿಯ ಅಡುಗೆಯವರು ನೇಪಾಳದವರು, ನಡುವಯಸ್ಸು, ಮಾತು ಕಡಿಮೆ. ಕರಿಮೆಣಸು ಹಾಕಿ ಹುರಿದ ಮಾಂಸವನ್ನು ತಟ್ಟೆಯಲ್ಲಿ ತಂದಿಟ್ಟರು. ಹೊಗೆ ಏಳುತ್ತಿತ್ತು. ನಾವು ನಾಲ್ವರು ಸುತ್ತ ನಿಂತೆವು. ಖರೀದಿ ಅಧಿಕಾರಿಗಳು ಉಪವಾಸ. ಸೇಲ್ಸ್‌ಮನ್ ಉಪವಾಸ. ನಾನೂ ಉಪವಾಸ. ಮ್ಯಾನೇಜರ್ ಹುಟ್ಟಿದಂದಿನಿಂದ ಸಸ್ಯಾಹಾರಿ.

"ಯಲ್ಲಾ, ಶುರುವಾಗಲಿ. ಯಾರು ತಿನ್ನುವವರು?" ಎಂದರು ಖರೀದಿ ಅಧಿಕಾರಿಗಳು.

ಮ್ಯಾನೇಜರ್ ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು ಫೋರ್ಕ್ ಎತ್ತಿಕೊಂಡರು. "ಮಗಳಿಗೆ ಇನ್ನೂ ನಾಲ್ಕು ಪೇಪರ್ ಇದೆ ಮೇಡಂ" ಎಂದು ನನ್ನೊಬ್ಬಳಿಗೆ ಕೇಳುವಂತೆ ಹೇಳಿ ಕಣ್ಣು ಮುಚ್ಚಿದರು.

ನನಗೆ ಏನಾಯಿತೋ ತಿಳಿಯದು. ಅವರ ಕೈಯಿಂದ ಫೋರ್ಕ್ ಕಿತ್ತುಕೊಂಡೆ. "ಬಿಡಿ ಸಾರ್. ನಾನು ತಿಂದು ಪಾದ್ರಿಗಳಲ್ಲಿ ಪಾಪ ಹೇಳಿಕೊಳ್ಳುತ್ತೇನೆ."

ಸೇಲ್ಸ್‌ಮನ್ ನನ್ನಿಂದ ಕಿತ್ತುಕೊಂಡ. ಹಣೆಯಲ್ಲಿ ಬೂದಿ ಇಟ್ಟುಕೊಂಡು ಬಾಯಲ್ಲಿ ಬೀಫ್ ಇಟ್ಟುಕೊಳ್ಳುವುದೇ ಬಾಯಮ್ಮ, ಬೇಡ, ತಾನು ತಿಂದು ಬದಲಿಗೆ ಬೇರೆ ದಿನ ಉಪವಾಸ ಹಿಡಿಯುತ್ತೇನೆ ಎಂದ. ಖರೀದಿ ಅಧಿಕಾರಿಗಳು ಗಾಬರಿಯಾಗಿ ಅವನ ಕೈ ಹಿಡಿದರು. ಅವರ ಅಡುಗೆಮನೆಯಲ್ಲಿ, ಮೊದಲ ದಿನವೇ, ಅವರ ಕಾರಣಕ್ಕೆ ಒಬ್ಬರ ಉಪವಾಸ ಮುರಿದರೆ ಆ ಪಾಪ ಅವರಿಗೆ ಬೇಡವಂತೆ. ಮ್ಯಾನೇಜರ್ ಮತ್ತೆ ಕೈ ಚಾಚಿದರು. ಹೋಟೆಲಿನಲ್ಲಿ ಬಿಲ್ಲು ಕೊಡಲು ಕಿತ್ತಾಡುವ ನೆಂಟರಂತೆ ನಾಲ್ವರೂ ಒಂದು ಫೋರ್ಕಿಗೆ ಜೋತುಬಿದ್ದಿದ್ದೆವು.

ಅಡುಗೆಯವರು ನನ್ನ ಪಕ್ಕಕ್ಕೆ ಬಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು. ಇದು ಹಸುವೋ, ಎಮ್ಮೆಯೋ?

ನಾನು ಫೈಲ್ ತೆರೆದು ಆರೋಗ್ಯ ಪ್ರಮಾಣಪತ್ರ ತೋರಿಸಿದೆ. ಎಮ್ಮೆ.

"ಹಾಗಾದರೆ ಇತ್ತ ಕೊಡಿ" ಎಂದರು.

ತಟ್ಟೆ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತು ತಿಂದರು. ಒಂದು ತುಂಡು, ಎರಡು, ಆಮೇಲೆ ನಾವು ಇದ್ದೇವೆಂಬುದೇ ಅವರಿಗೆ ಮರೆತಂತಿತ್ತು. ಈ ಅಡುಗೆಮನೆಗೆ ಬರುವ ಮಾಂಸದಲ್ಲಿ ಒಂದು ತುಂಡನ್ನೂ ಇವರು ಎಂಟು ವರ್ಷದಿಂದ ಬಾಯಿಗಿಟ್ಟಿಲ್ಲ ಎಂದು ಖರೀದಿ ಅಧಿಕಾರಿಗಳು ಪಿಸುಗುಟ್ಟಿದರು. ಬರುತ್ತಿದ್ದದ್ದೆಲ್ಲ ಹಸುವಿನದು, ಇವರು ಅದನ್ನು ಮುಟ್ಟಿ ಬೇಯಿಸುತ್ತಾರೆ, ತಿನ್ನುವುದಿಲ್ಲ. ಎಮ್ಮೆಯಾದರೆ ಊರಿನಲ್ಲಿ ಹಬ್ಬದ ಅಡುಗೆ. ಮಾರುವವರೇ ತಿನ್ನಬೇಕೆಂಬ ನಿಯಮ ಏನಾಯಿತು ಎಂದು ನಾನು ಕೇಳಿದೆ, ನಿಯಮ ನಿಯಮವೇ. ಮ್ಯಾನೇಜರ್ ನನ್ನ ಕಾಲು ತುಳಿದರು. ಅಡುಗೆಯವರಿಗೆ ಸುಳ್ಳು ಹೇಳಿ ಬರುವ ಲಾಭವಿಲ್ಲ, ಇದು ಇನ್ನೂ ಒಳ್ಳೆಯದು ಎಂದರು ಖರೀದಿ ಅಧಿಕಾರಿಗಳು.

ಪರೀಕ್ಷೆಯ ನಮೂನೆ ತುಂಬುವುದು ನನ್ನ ಪಾಲಿಗೆ ಬಂತು. ಬಣ್ಣ, ವಾಸನೆ, ಮೃದುತ್ವ ಆಯಿತು. ರುಚಿ ಹೇಗಿದೆ ಎಂದು ಅಡುಗೆಯವರನ್ನು ಕೇಳಿದೆ. ಅವರು ತಟ್ಟೆ ತೊಳೆಯುತ್ತಿದ್ದರು.

"ಮನೆ ನೆನಪಾಯಿತು."

ಹಾಗೆ ಬರೆಯಲು ಬರುವುದಿಲ್ಲ, ಉತ್ತಮ, ಸಾಧಾರಣ, ಕಳಪೆ, ಮೂರರಲ್ಲಿ ಒಂದನ್ನು ಹೇಳಬೇಕು ಎಂದೆ. ಅವರು ಮತ್ತೆ ಅದನ್ನೇ ಹೇಳಿದರು. ಅವರು ಹೇಳಿದ್ದನ್ನೇ ಬರೆಯಿರಿ ಎಂದು ಖರೀದಿ ಅಧಿಕಾರಿಗಳು ಕೆಳಗೆ ಸಹಿ ಹಾಕಿದರು. ಗಂಟೆ ಎರಡಕ್ಕೆ ಐದು ನಿಮಿಷವಿತ್ತು. ಮ್ಯಾನೇಜರ್ ಹೊರಗೆ ಹೋಗಿ ಮಗಳಿಗೆ ಫೋನ್ ಮಾಡಿದರು, ಓದುತ್ತಿದ್ದೀಯಾ ಎಂದಷ್ಟೇ ಕೇಳಿ ಇಟ್ಟರು.

ಶಾಖೆ ಉಳಿಯಿತು. ತುಂಬಿದ ನಮೂನೆಯ ಪ್ರತಿಯನ್ನು ಕ್ರಮಪ್ರಕಾರ ಮುಂಬೈಗೆ ಕಳಿಸಿದೆ. ಮುಂದಿನ ಕಂಟೇನರಿನ ಜೊತೆ ಮುಂಬೈಯಿಂದ ಹೊಸದಾಗಿ ಮುದ್ರಿಸಿದ ನಮೂನೆ ಬಂತು. ಬಣ್ಣ, ವಾಸನೆ, ಮೃದುತ್ವ, ರುಚಿ ಇವುಗಳ ಕೆಳಗೆ ಐದನೆಯ ಸಾಲು: ಮನೆ ನೆನಪಾಯಿತೇ? ಹೌದು, ಇಲ್ಲ.

ಯಾರ ಮನೆ ಎಂದು ಫೋನ್ ಮಾಡಿ ಕೇಳಿದೆ. ಕತಾರಿನಲ್ಲಿ ಅದೊಂದು ಗುಣಮಟ್ಟದ ಪರೀಕ್ಷೆ ಇರಬೇಕು, ನಮಗೇನು ಗೊತ್ತು, ನೀವು ಹೌದು ಎಂದು ಗುರುತು ಹಾಕಿ ಕಳಿಸಿ ಎಂದರು.

ದಾಖಲೆಯಲ್ಲಿ ಸುಳ್ಳು ಬರೆಯಲು ನನ್ನಿಂದಾಗದು. ಅದಕ್ಕೇ ಪ್ರತಿ ಕಂಟೇನರಿಗೂ ಆ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟು, ಅರ್ಧ ನಿಮಿಷ ಕಣ್ಣು ಮುಚ್ಚಿ ಮಂಗಳೂರಿನ ಮನೆಯನ್ನು ನೆನೆಸಿಕೊಂಡು, ಆಮೇಲೆ ಹೌದು ಎಂದು ಗುರುತು ಹಾಕುತ್ತೇನೆ.